ಅರ್ಥ ಇಲ್ಲದ ಮನೆ

ಅವರು ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ನಲ್ಲಿ, ಕಿಟಕಿಯ ಸರಳು, ಫ್ರಿಜ್ಜಿನ ಬಾಗಿಲು, ಕೊನೆಗೆ ನಾವು ಕೊಟ್ಟ ಚಹಾದ ಸ್ಟೀಲಿನ ಲೋಟವನ್ನೂ ಬಲಗೈಯ ಹಿಂಬದಿಯಿಂದ ಒಮ್ಮೆ ಸವರಿ ಆಮೇಲೆ ಹಿಡಿಯುತ್ತಿದ್ದರು. ಆ ಕೈಯ ಗೆಣ್ಣುಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಎಂದೋ ಸುಟ್ಟು ಮಾಗಿದ ಚರ್ಮ ಕರಿದ ಹಪ್ಪಳದ ಹಾಗೆ ಬೊಕ್ಕೆಬೊಕ್ಕೆಯಾಗಿ ಹೊಳೆಯುತ್ತಿತ್ತು. ಕೊಟ್ಟೂರಿಗೆ ಸೊಸೆಯಾಗಿ ಬಂದ ಮೊದಲ ವಾರ, ನನ್ನ ಕೈಯಿಂದ ಅವರು ಲೋಟ ತೆಗೆದುಕೊಂಡ ರೀತಿ ನೋಡಿ ನನ್ನ ಮೈ ಉರಿದುಹೋಗಿತ್ತು. ಮಡಿ ಮೈಲಿಗೆಯ ಆಟಗಳನ್ನು ಬೇಕಾದಷ್ಟು ನೋಡಿ ಬೆಳೆದವಳು ನಾನು. ಇವರೂ ಆ ಪೈಕಿಯೇ ಎಂದುಕೊಂಡೆ. ಅವರು ಹೋದ ಮೇಲೆ ಅತ್ತೆ ನಕ್ಕರು.

"ಅಂವ ಕರೆಂಟಿನ ಕೆಲ್ಸದಾಂವ ಬೇ. ಅಂಗೈಲೆ ಮುಟ್ಟಿದ್ರ ಕೈ ಮುಚ್ಚಿಕೆಂಡು ಕರೆಂಟ್ ಬಿಡಂಗಿಲ್ಲಂತ. ಹಿಂದಲೆ ಮುಟ್ಟಿದ್ರ ಒದ್ದು ಬಿಸಾಕತೈತಂತ. ಅದ ರೂಢಿ ಆಗಿಬಿಟ್ಟೈತಿ ಅವಗ."

ಅವರು ನಮ್ಮ ಓಣಿಯ ವೈರ್‌ಮನ್. ನಮ್ಮಿಂದ ಎರಡನೆಯ ಮನೆ. ನಮ್ಮ ಮನೆ ಕಟ್ಟುವಾಗ ವೈರಿಂಗ್ ಮಾಡಿದವರೂ ಅವರೇ. ನನ್ನ ಗಂಡ ಅವರನ್ನು ಮಾವ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾನು ಉಜ್ಜಿನಿ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಹಾಗಾಗಿ ಅವರ ಬಾಯಲ್ಲಿ ನಾನು 'ಅಕ್ಕೋರು'.

ನನಗೆ ಹೇಸಿಗೆ ಬೇಗ ಬರುತ್ತದೆ. ಇದು ನನ್ನ ಗುಣ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರ ಮೇಲೂ ಮೊದಲು ಬಂದದ್ದು ಅದೇ. ವೈರಿನ ಸಿಪ್ಪೆಯನ್ನು ಅವರು ಮುಂದಿನ ಹಲ್ಲಿನಿಂದ ಕಚ್ಚಿ ಎಳೆದು, ಥೂ ಎಂದು ಉಗುಳುತ್ತಿದ್ದರು. ಇಕ್ಕಳ ಜೇಬಿನಲ್ಲೇ ಇರುತ್ತಿತ್ತು, ಆದರೂ ಹಲ್ಲೇ ಬೇಕು. ಅವರು ಬಂದು ಹೋದ ಕಡೆಯಲ್ಲೆಲ್ಲ ಕೆಂಪು, ಕಪ್ಪು, ಹಸಿರು ಪ್ಲಾಸ್ಟಿಕ್ಕಿನ ಚೂರುಗಳು ಎಂಜಲು ಹತ್ತಿಕೊಂಡು ಬಿದ್ದಿರುತ್ತಿದ್ದವು. ನಾನು ಮೂಗು ಮುರಿಯುತ್ತ ಗುಡಿಸುತ್ತಿದ್ದೆ. ಅವರಿಗೋ ನನ್ನ ಮೂಗು ಕಾಣುತ್ತಲೇ ಇರಲಿಲ್ಲ, ಏಕೆಂದರೆ ಅವರಿಗೆ ಅವರದೇ ಹೇಸಿಗೆಗಳಿದ್ದವು. ಯಾರೋ ಸುತ್ತಿದ ಸಡಿಲ ಜಾಯಿಂಟು, ಟೇಪಿನ ಬದಲು ಪ್ಲಾಸ್ಟಿಕ್ ಚೀಲ ಸುತ್ತಿದ ವೈರು, ಸ್ವಿಚ್‌ಬೋರ್ಡಿನೊಳಗೆ ಹಲ್ಲಿಯ ಮೊಟ್ಟೆ, ಇಂಥದ್ದು ಕಂಡರೆ ವಾಂತಿ ಬಂದವರ ಹಾಗೆ ಮುಖ ತಿರುಗಿಸಿ, "ಥೂ, ಹೇಸಿಗಿ!" ಎನ್ನುತ್ತಿದ್ದರು. ಆ ಮಾತನ್ನು ಅವರು ಮನುಷ್ಯರಿಗೆ ಅಂದದ್ದು ನಾನು ಕೇಳಿಲ್ಲ. ವೈರಿಗೆ ಮಾತ್ರ.

ಅವರ ಇನ್ನೊಂದು ಮಾತು ಓಣಿಗೆಲ್ಲ ತಮಾಷೆಯಾಗಿತ್ತು. ಯಾರ ಮನೆಗೆ ಕರೆದರೂ ಹೊಸ್ತಿಲಲ್ಲೇ ನಿಂತು, "ಮನ್ಯಾಗ ಅರ್ಥ ಐತೇನ್ರಿ?" ಎಂದು ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಅರ್ಥಿಂಗ್. ಯಂತ್ರದ ಮೈಗೆ ತಪ್ಪಿ ಕರೆಂಟು ಹರಿದರೆ ಅದನ್ನು ನಮ್ಮ ಮೈಮೇಲೆ ಬಿಡದೆ ನೆಲದೊಳಕ್ಕೆ ಕರೆದೊಯ್ಯುವ ಹಸಿರು ವೈರು, ಆ ವೈರು ಹೋಗಿ ಸೇರುವ ಅಂಗಳದ ಗುಂಡಿ. ಹೆಂಗಸರಿಗೆ ಅದೆಲ್ಲ ಏಕೆ ಬೇಕು? "ನಮ್ಮ ಮನ್ಯಾಗ ಎಲ್ಲಿ ಅರ್ಥ ಬಂತು ಮಾವ, ಬರೇ ಅನರ್ಥ" ಎಂದು ನಗುತ್ತಿದ್ದರು. ಮಾವ ಮಾತ್ರ ನಗುತ್ತಿರಲಿಲ್ಲ.

ನಮ್ಮ ಮನೆಗೆ ಆ ಗುಂಡಿಯನ್ನು ಅವರೇ ತೋಡಿ, ಇದ್ದಿಲು ಉಪ್ಪು ತುಂಬಿ, ಕೊಳವೆ ಇಳಿಸಿದ್ದರು. ನಮ್ಮ ಕಡೆಯ ಬೇಸಿಗೆಗೆ ನೆಲ ಆಳದವರೆಗೆ ಒಣಗುತ್ತದೆ, ಒಣಗಿದ ಗುಂಡಿ ಇದ್ದೂ ಇಲ್ಲದ ಹಾಗೆ. ಅದಕ್ಕೆ ವಾರಕ್ಕೊಂದು ಕೊಡ ನೀರು ಹಾಕಿ ಎಂದು ಅವರ ಕಟ್ಟಪ್ಪಣೆ.

"ಪಂಚಮಿ ಬಂದ್ರ ಹುಡಿಕ್ಕೆಂಡು ಹೋಗಿ ಹುತ್ತಕ್ಕ ಹಾಲು ಎರೀತೀರಿ" ಎಂದು ಅತ್ತೆಯನ್ನು ಕಾಡುತ್ತಿದ್ದರು. "ಅಂಗಳದಾಗಿನ ಗುಂಡಿಗೆ ಒಂದು ಕೊಡ ನೀರು ಹಾಕ್ರಿ ಅಂದ್ರ ನಡ ನೋಯ್ತೈತಿ ನಿಮಗ."

ಅತ್ತೆ ಒಂದಷ್ಟು ವರ್ಷ ಹಾಕಿದರು. ಆಮೇಲೆ ನನ್ನ ಮೈದುನ ಕಾರು ತಂದ. ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿ, ಮೇಲೆ ಚೌಕಚೌಕದ ಟೈಲ್ಸ್ ಹಾಸಿಸಿದ. ಗುಂಡಿ ಕೆಳಗೆ ಹೋಯಿತು. ಅಡ್ಡ ಬಂದ ಹಸಿರು ವೈರನ್ನು ಗಾರೆಯವನು ಕತ್ತರಿಸಿ ಬಿಸಾಡಿದ. ನಾನು ನೋಡುತ್ತಲೇ ಇದ್ದೆ. ಅಂಗಳ ಚೆನ್ನಾಗಿ ಕಾಣಿಸುತ್ತದೆ ಎಂದು ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಬಿಸಿನೀರಿನ ಪ್ರಶ್ನೆ ಬಂದದ್ದು ಅದರ ಮುಂದಿನ ಚಳಿಗಾಲ. ಅಲ್ಲಿಯವರೆಗೆ ಹಿತ್ತಲ ಬಚ್ಚಲಿನಲ್ಲಿ ಹಂಡೆ, ಕೆಳಗೆ ಒಲೆ. ಅದರ ಬಗ್ಗೆ ಕವಿತೆ ಕಟ್ಟುವವರನ್ನು ಒಂದು ವಾರ ನಮ್ಮ ಬಚ್ಚಲಿನಲ್ಲಿ ಕೂರಿಸಬೇಕು. ಗೋಡೆಯ ಮಸಿ ಮುಟ್ಟಿದರೆ ಸೀರೆಗೆ, ಒದ್ದೆ ಕಟ್ಟಿಗೆಯ ಕೆಳಗೆ ಜಿರಳೆ, ಬೂದಿಯಲ್ಲಿ ಬೆಕ್ಕಿನ ಹೊಲಸು. ಅತ್ತೆಗೆ ಹೊಗೆಯಿಂದ ಉಬ್ಬಸ ಹೆಚ್ಚಾಗಿ, ಡಾಕ್ಟರು ಒಲೆಯ ಮುಂದೆ ಕೂರಲೇಬೇಡಿ ಎಂದುಬಿಟ್ಟರು. ನನಗೆ ಬೆಳಗಿನ ಬಸ್ಸು. ಮಗಳಿಗೆ ಆಗ ಆರು ವರ್ಷ. ಟ್ಯಾಂಕು ಇಲ್ಲದ, ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಕೊಡುವ ಕರೆಂಟಿನ ಹೀಟರು ತರೋಣ ಎಂದು ತೀರ್ಮಾನವಾಯಿತು.

ಅಣ್ಣತಮ್ಮ ಇಬ್ಬರೂ ಹಗರಿಬೊಮ್ಮನಹಳ್ಳಿಯ ಅಂಗಡಿಯೊಂದಕ್ಕೆ ಹೊರಟರು, ನಾನೂ ಹೋದೆ. ಅಂಗಡಿಯವನ ಬಾಯ್ತುಂಬ ಗುಟ್ಕಾ. ಮಾತಾಡಬೇಕಾದಾಗಲೆಲ್ಲ ತಲೆ ಮೇಲೆತ್ತಿ, ರಸ ಕೆಳಗೆ ಬೀಳದ ಹಾಗೆ ಗಂಟಲಿನಿಂದ ಮಾತಾಡುತ್ತಿದ್ದ. ನಮ್ಮ ಮನೆಯ ನೀರು ಎಂಥದ್ದು, ವೈರು ಎಷ್ಟು ದಪ್ಪ, ಮೀಟರು ಎಷ್ಟು ತಡೆಯುತ್ತದೆ, ಒಂದನ್ನೂ ಕೇಳಲಿಲ್ಲ. ನಲ್ಲಿಯ ರೂಪದಲ್ಲೇ ಇರುವ ಒಂದು ಹೀಟರು ತೋರಿಸಿದ. ಅದರ ಕುತ್ತಿಗೆಯಲ್ಲಿ ನೀಲಿ ದೀಪ, ನೀರಿನ ಬಿಸಿ ಎಷ್ಟೆಂದು ತೋರಿಸುವ ಅಂಕಿ. "ಫಾರಿನ್ ಮಾಡಲ್ರಿ" ಎಂದ. ಡಬ್ಬದ ಮೇಲೆ ತಯಾರಿಸಿದವರ ಹೆಸರೇ ಇರಲಿಲ್ಲ. ಮೈದುನ ಆ ನೀಲಿ ದೀಪಕ್ಕೇ ಸೋತ.

ಹಚ್ಚಲು ವೈರ್‌ಮನ್ ಮಾವನನ್ನು ಕರೆದೆವು. ಅವರು ಬಂದು, ಡಬ್ಬ ಬಿಚ್ಚಿ, ಹೀಟರನ್ನು ಕೈಯ ಹಿಂಬದಿಯ ಮೇಲಿಟ್ಟು ತೂಗಿದರು. ಆಮೇಲೆ ಅಂಗಳದ ಟೈಲ್ಸ್ ಕಡೆ ನೋಡಿದರು.

"ಮನ್ಯಾಗ ಅರ್ಥ ಐತೇನ್ರಿ?"

ಯಾರೂ ನಗಲಿಲ್ಲ.

"ಹಾಕಿಕೊಟ್ಟದ್ದನ್ನ ಹೂತಿಟ್ಟೀರಿ. ಟೈಲ್ಸ್ ತೆಗಸ್ರಿ, ಗುಂಡಿ ಹುಡುಕೋಣ. ಮೀಟರಿನಿಂದ ಬಚ್ಚಲದ ತನಕ ದಪ್ಪ ವೈರು ಬೇರೆ ಎಳಿಬೇಕು. ಅದಾದ ಮ್ಯಾಲೆ ಹೀಟರ್ ಮಾತು. ಈಗ ನಾ ಇದನ್ನ ಹಚ್ಚಂಗಿಲ್ಲ."

ಮೈದುನನ ಮುಖ ಬಿಗಿಯಿತು. ಹೊಸ ಟೈಲ್ಸ್ ಒಡೆಯಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಬಾಯಿ ಬಿಟ್ಟವಳು ನಾನು. ಓದಿದವಳು, ಅಕ್ಕೋರು.

"ನಿಮಗ ಕೆಲ್ಸ ಸಿಗಲಿ ಅಂತ ಮಂದೀನ ಹೆದರಸ್ತೀರಿ ಬಿಡ್ರಿ ಮಾವ. ನೆಲ ಅಗಿ, ವೈರ್ ಎಳಿ, ಬಿಲ್ ಮಾಡು. ಇದ ಆತು ನಿಮ್ಮದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಟೆಸ್ಟರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಲೋಟದಲ್ಲಿದ್ದ ಚಹಾ ಅರ್ಧ ಉಳಿದಿತ್ತು, ಅದನ್ನು ಮುಗಿಸಿಯೇ ಎದ್ದರು. "ಆತ್ರಿ, ಮೇಡಮ್ಮೋರೆ" ಎಂದರು. ಅಕ್ಕೋರು ಹೋಗಿ ಮೇಡಂ ಆದದ್ದು ನನಗೆ ಆಗಲೇ ಚುಚ್ಚಿತು. ಆದರೂ ಕರೆಯಲಿಲ್ಲ.

ಮರುದಿನ ಮೈದುನ ತನಗೆ ಗೊತ್ತಿರುವ ಯಾರನ್ನೋ ಹಿಡಿದುಕೊಂಡು ಬಂದ. ಅವನು ಬಂದು, ಇದ್ದ ತೆಳ್ಳನೆಯ ವೈರಿಗೇ ಜೋಡಿಸಿ, ನೀಲಿ ದೀಪ ಹತ್ತಿಸಿ, ಹತ್ತು ನಿಮಿಷದಲ್ಲಿ ಹೊರಟುಹೋದ. ಹಸಿರು ವೈರು ಎಲ್ಲಿ ಸೇರಿಸಿದಿ ಎಂದು ಯಾರೂ ಕೇಳಲಿಲ್ಲ. ಅವನು ಅದನ್ನು ಮಡಚಿ ಟೇಪು ಸುತ್ತಿ ಒಳಗೆ ತುರುಕಿದ್ದ.

ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಬಕೆಟ್ಟಿನ ತಳದಲ್ಲಿ ಬಿಳಿ ಹೊಟ್ಟು ಕಾಣತೊಡಗಿತು. ನಮ್ಮದು ಬೋರಿನ ಉಪ್ಪುನೀರು, ಕಾಯಿಸಿದರೆ ಸುಣ್ಣ ಕಟ್ಟುತ್ತದೆ. ತಲೆಗೆ ಹಾಕಿಕೊಂಡರೆ ಕೂದಲಲ್ಲಿ ಹೇನಿನ ಸೀರಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ನೀರಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೇರೆ. ನನಗೆ ಅದು ಎಷ್ಟು ಅಸಹ್ಯವಾಯಿತೆಂದರೆ, ನಾನು ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡು ಸ್ನಾನ ಮಾಡತೊಡಗಿದೆ. ಮಗಳಿಗೂ ಅದೇ ನೀರು. ಗಂಡ ಮತ್ತು ಮೈದುನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಬಚ್ಚಲಿಗೆ ಹೋಗುವವರು. ಬರಿಗಾಲಿನಲ್ಲಿ ಆ ನಲ್ಲಿಯ ಕೆಳಗೆ ಕೂತು ಸ್ನಾನ ಮಾಡುತ್ತಿದ್ದವರು ಅತ್ತೆ ಒಬ್ಬರೇ.

ಅತ್ತೆಯ ಸ್ನಾನ ದಿನದಿಂದ ದಿನಕ್ಕೆ ಉದ್ದವಾಗುತ್ತ ಬಂತು. ಮಂಗಳವಾರ, ಶುಕ್ರವಾರವಂತೂ ಒಳಗಿಂದ ಊರಮ್ಮನ ಹೆಸರು ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಮುಖದಲ್ಲಿ ಏನೋ ಕಳೆ. ಬಿಸಿನೀರಿನ ಗುಣ, ಉಬ್ಬಸ ಇಳಿಯಿತು ಎಂದು ನಾವು ನಂಬಿದೆವು. ಅವರೂ ಏನೂ ಹೇಳಲಿಲ್ಲ, ಹೇಳಿದರೆ ಬಂದದ್ದು ಹೊರಟುಹೋದೀತೆಂಬ ಭಯ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ವೈರ್‌ಮನ್ ಮಾವನ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿಯ ಜೊತೆ ಕೂತು ಅಕ್ಕಿಯ ಕಲ್ಲು ಆರಿಸುತ್ತ, ಮೆಲ್ಲಗೆ ಗುಟ್ಟು ಬಿಚ್ಚಿದರಂತೆ. ಆ ಹೆಂಗಸು ಆಮೇಲೆ ನನಗೆ ಹೇಳಿದ ಅತ್ತೆಯ ಮಾತು ಇದು.

"ನಲ್ಲಿ ಹಿಡಿದ್ರ ಸಾಕು ಯವ್ವ, ಮೈಯೆಲ್ಲ ಜುಮು ಜುಮು ಅಂತೈತಿ. ರೋಮ ಎದ್ದು ನಿಂದರತಾವ. ಅಮ್ಮ ಮೈಮ್ಯಾಲೆ ಬರಾಕ ಹತ್ಯಾಳ ನನಗ. ಇವತ್ತು ಮೊಮ್ಮಗಳಿಗೆ ಎಣ್ಣಿ ಹಚ್ಚೀನಿ. ಆಕಿಗೂ ಆ ನಲ್ಲಿ ಹಿಡಿಸ್ತೀನಿ, ಆಕಿಗೂ ಆಶೀರ್ವಾದ ಆಗಲಿ."

ಒಳಗೆ ಫ್ಯಾನು ರಿಪೇರಿ ಮಾಡುತ್ತ ಕೂತಿದ್ದ ಮಾವನ ಕಿವಿಗೆ ಈ ಮಾತು ಬಿತ್ತು.

ನಾನು ನಮ್ಮ ಪಡಸಾಲೆಯಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಮಗಳು ಎಣ್ಣೆ ಮೈಯಲ್ಲಿ, ಬರಿಗಾಲಲ್ಲಿ, ಬಚ್ಚಲಿನ ಬಾಗಿಲ ಬಳಿ ಅಜ್ಜಿಗಾಗಿ ಕಾಯುತ್ತ ಕುಣಿಯುತ್ತಿದ್ದಳು. ಒಳಗೆ ನೀಲಿ ದೀಪ ಹತ್ತಿತ್ತು. ಅವರು ಓಡಿಬಂದರು. ಚಪ್ಪಲಿ ಇಲ್ಲ, ಅಂಗಿಯ ಗುಂಡಿ ಇಲ್ಲ. ಬಾ ಎನ್ನುವ ಮೊದಲೇ ಒಳಗೆ ನುಗ್ಗಿ, ಬಾಗಿಲ ಹಿಂದಿನ ಮೇನ್ ಸ್ವಿಚ್ಚನ್ನು ಕಟಕ್ಕನೆ ಕೆಳಗೆಳೆದರು. ಫ್ಯಾನು ನಿಂತಿತು. ಆಗ ಗೋಡೆಗೆ ಒರಗಿ ಉಸಿರು ಬಿಟ್ಟರು.

"ಕೂಸು ಎಲ್ಲೈತಿ?"

ಇಲ್ಲೇ ಇದೆ ಎಂದು ತೋರಿಸಿದೆ. ಅವರು ಬಗ್ಗಿ, ಅವಳ ಎಣ್ಣೆಗೆನ್ನೆಯನ್ನು ಕೈಯ ಹಿಂಬದಿಯಿಂದ ಸವರಿದರು.

ನಮ್ಮನ್ನೆಲ್ಲ ದೂರ ನಿಲ್ಲಿಸಿ, ರಬ್ಬರ್ ಚಪ್ಪಲಿ ಹಾಕಿಕೊಂಡು, ಮೇನ್ ಮತ್ತೆ ಎತ್ತಿಸಿ, ನಲ್ಲಿಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಕಿಡಿ ಹತ್ತಿತು. ಪುನಃ ಮೇನ್ ಇಳಿಸಿ ಹೀಟರು ಬಿಚ್ಚಿದರು. ಒಳಗಿನದನ್ನು ನಾನು ಈಗಲೂ ಮರೆತಿಲ್ಲ. ನೀರು ಕಾಯಿಸುವ ಕಾಯಿಲ್ ಪೂರ್ತಿ ಬಿಳಿಹಳದಿ ಸುಣ್ಣ ಹುಣ್ಣಿನ ಹಕ್ಕಳೆಯ ಹಾಗೆ ಕಟ್ಟಿಕೊಂಡಿತ್ತು, ಒಂದು ಕಡೆ ಒಡೆದು ಒಳಗಿನ ತಂತಿ ಕಾಣುತ್ತಿತ್ತು. ಆ ನೀರನ್ನು ಅತ್ತೆ ತಲೆಯ ಮೇಲೆ ಸುರಿದುಕೊಂಡಿದ್ದರು, ದೇವರ ಹೆಸರು ಹೇಳಿಕೊಂಡು. ನನಗೆ ಹೇಸಿಗೆ ಬಂತು. ಹೀಟರು ನೋಡಿ ಅಲ್ಲ, ನನ್ನನ್ನು ನೋಡಿಕೊಂಡು. ಆ ನೀರು ಹೊಲಸು ಎಂದು ನಾನು ಬೇರೆ ನೀರು ಕಾಯಿಸಿಕೊಂಡಿದ್ದೆ, ಅತ್ತೆ ಅದೇ ನೀರಿನಲ್ಲಿ ಸ್ನಾನ ಮಾಡುವುದನ್ನು ಮಾತ್ರ ದಿನವೂ ಸುಮ್ಮನೆ ನೋಡಿದ್ದೆ. ಇದಕ್ಕಿಂತ ಹೇಸಿಗೆ ಯಾವುದಿದೆ?

ಕಟ್ಟೆಯಿಂದ ಎದ್ದು ಬಂದ ಅತ್ತೆಗೆ ವಿಷಯ ತಿಳಿದಾಗ ಮುಖ ಸಣ್ಣದಾಯಿತು. ಜೀವ ಉಳಿದದ್ದಕ್ಕಿಂತ ಬೇರೆ ಏನೋ ಕಳೆದುಹೋದ ಸಂಕಟ.

"ಹಂಗಾರ ನನಗ ಬಂದಾಕಿ ಅಮ್ಮ ಅಲ್ಲೇನಪ್ಪ?"

ವೈರಿನ ವಿಷಯದಲ್ಲಿ ಯಾರ ಮುಲಾಜೂ ನೋಡದ ಮನುಷ್ಯ ಆ ದಿನ ಬಿಚ್ಚಿದ ಹೀಟರನ್ನು ಅತ್ತೆಗೆ ಕಾಣದ ಹಾಗೆ ಬದಿಗೆ ಸರಿಸಿದರು.

"ಅಮ್ಮನ ಬಂದಿರಬೇಕು ಬಿಡಕ್ಕ. ಇಲ್ಲಂದ್ರ ಇಷ್ಟು ದಿನಾ ನಿನ್ನ ಯಾರು ಕಾದಾರು?"

ನಾನು ಅವರ ಹಿಂದೆಯೇ ಅಂಗಳಕ್ಕೆ ಹೋದೆ. "ಮಾವ, ಆವತ್ತು ನಾನು..." ಎಂದು ಶುರುಮಾಡಿದೆ.

"ಅಕ್ಕೋರೆ, ಮೊದ್ಲ ಸಲಿಕಿ ಕೊಡ್ರಿ" ಎಂದರು.

ಸಲಿಕೆ ತಂದುಕೊಟ್ಟೆ. ಮತ್ತೆ ಅಕ್ಕೋರು ಆಗಿದ್ದೆನಲ್ಲ, ಅಳು ಬಂತು. ಆಮೇಲೆ ಎರಡು ಮೂರು ಸಲ ಆ ಮಾತು ಎತ್ತಲು ನೋಡಿದೆ. ಪ್ರತಿ ಸಲವೂ ಅವರಿಗೆ ಏನಾದರೂ ಬೇಕಾಗುತ್ತಿತ್ತು. ಇಕ್ಕಳ ಕೊಡಿ, ಸ್ಟೂಲು ತನ್ನಿ, ಚಹಾಕ್ಕೆ ಸಕ್ಕರೆ ಕಡಿಮೆ. ಕೊನೆಗೂ ನನಗೆ ಕ್ಷಮೆ ಕೇಳಲು ಬಿಡಲಿಲ್ಲ.

ಮೈದುನ ತಾನೇ ಟೈಲ್ಸ್ ಒಡೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುಂಡಿ ಸಿಕ್ಕಿತು, ಒಣಗಿ ಹೆಂಟೆಯಾಗಿತ್ತು. ಹೊಸ ಇದ್ದಿಲು, ಹೊಸ ಉಪ್ಪು, ಹೊಸ ಹಸಿರು ವೈರು. ಮೀಟರಿನಿಂದ ಬಚ್ಚಲಿಗೆ ದಪ್ಪ ತಾಮ್ರದ ವೈರು ಬೇರೆಯಾಗಿ ಬಂತು. ಕರೆಂಟು ಚೂರು ದಾರಿ ತಪ್ಪಿದರೂ ತಾನೇ ಬಿದ್ದುಬಿಡುವ ಸ್ವಿಚ್ಚು ಬಂತು. ಇಷ್ಟಾದ ಮೇಲೆಯೇ ಅವರು ಹೀಟರಿನ ಹೆಸರು ಎತ್ತಿದ್ದು.

ಆರಿಸುವುದೆಂದರೆ ಹೇಗೆ ಎಂದು ನಾನು ಕಲಿತದ್ದು ಆಗ. ಅಂಗಡಿಗೆ ಹೋಗುವ ಮೊದಲು ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ, ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ಮಗಳಿಂದ ಗಡಿಯಾರ ನೋಡಿಸಿದರು. "ಮಾಳಿಗಿ ಮ್ಯಾಲಿನ ಟ್ಯಾಂಕ್ ಎತ್ತರಿಲ್ಲ, ನೀರಿನ ಜೋರು ಕಡಿಮಿ ಐತಿ. ಕೆಲವು ಹೀಟರು ಇಷ್ಟು ಸಣ್ಣ ಧಾರಿಗೆ ಚಾಲೂನ ಆಗಂಗಿಲ್ಲ" ಎಂದರು. ಆಮೇಲೆ ಬೋರಿನ ನೀರನ್ನು ಒಂದು ಪಾತ್ರೆಯಲ್ಲಿ ಕುದಿಸಿ, ಬತ್ತಿಸಿ, ತಳದ ಬಿಳಿ ಪದರವನ್ನು ಉಗುರಿನಿಂದ ಕೆರೆದು ನನ್ನ ಅಂಗೈ ಮೇಲೆ ಇಟ್ಟರು. "ಇದು ನಿಮ್ಮ ಮನಿ ನೀರು. ಕಾಯಿಲ್ ಬಿಚ್ಚಿ ತೊಳಿಯಾಕ ಬರೋದನ್ನ ತಗೋಬೇಕು."

ಬಚ್ಚಲಿಗೂ ಅಡುಗೆಮನೆಗೂ ಸೇರಿ ಒಂದೇ ದೊಡ್ಡದು ತರೋಣವೆ ಎಂದು ನನ್ನ ಗಂಡ ಕೇಳಿದರು.

"ಅಷ್ಟು ದೊಡ್ಡದಕ್ಕ ನಿಮ್ಮ ಮೀಟರ್ ತಡಿಯಂಗಿಲ್ಲ. ಒಂದು ಬಕೀಟು ನೀರು ಬೇಕಾದಾಕಿಗೆ ಕೆರಿ ಯಾಕ ಕಾಯಸ್ತೀರಿ?"

ಕೊಟ್ಟೂರಿನಲ್ಲೇ ಒಂದು ಅಂಗಡಿಯಲ್ಲಿ ನಾಲ್ಕು ಡಬ್ಬ ಬಿಚ್ಚಿಸಿದರು. ದೀಪ, ಅಂಕಿ, ಬಣ್ಣ ಒಂದನ್ನೂ ನೋಡಲಿಲ್ಲ. ಹಿಂದೆ ತಿರುಗಿಸಿ ಹಸಿರು ವೈರು ಕಟ್ಟುವ ತಿರುಪು ಗಟ್ಟಿಯಿದೆಯೇ ಎಂದು ನೋಡಿದರು. ಎಷ್ಟು ಸಣ್ಣ ಧಾರೆಗೆ ಚಾಲೂ ಆಗುತ್ತದೆ ಎಂದು ಕಾಗದ ಓದಿಸಿದರು, ನನ್ನಿಂದಲೇ. ಕೊನೆಗೆ ನೋಡಲು ಎಳ್ಳಷ್ಟೂ ಚೆಂದವಿಲ್ಲದ, ಬಿಳಿ ಡಬ್ಬದಂಥ ಒಂದನ್ನು ಆರಿಸಿದರು. ಹಚ್ಚುವಾಗ ಮತ್ತೆ ಹಲ್ಲಿನಿಂದ ವೈರು ಸುಲಿದು ಉಗುಳಿದರು. ನಾನು ಸುಮ್ಮನೆ ಗುಡಿಸಿದೆ.

ಅತ್ತೆ ಆ ಗುಂಡಿಗೆ ಮುಚ್ಚಿದ ಕಲ್ಲಿಗೆ ಮರುವಾರವೇ ಅರಿಶಿನ ಕುಂಕುಮ ಹಚ್ಚಿದರು. ಮಾವ ಅದನ್ನು ನೋಡಿ, "ನೀರಷ್ಟ ಮರೀಬ್ಯಾಡ್ರಿ, ಕುಂಕುಮ ನಿಮ್ಮಿಷ್ಟ" ಎಂದರು.

ಹೋದ ವರ್ಷ ಮಾವ ತೀರಿಕೊಂಡರು. ಕರೆಂಟಿನಿಂದಲ್ಲ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು, ಬಳ್ಳಾರಿಗೆ ಓಡಾಡಿ ಓಡಾಡಿ ಸೋತರು. ಬೆಳಿಗ್ಗೆ ಸುದ್ದಿ ತಿಳಿದು ಓಡಿದೆ. ಅಂಗಳದಲ್ಲಿ ಮಲಗಿಸಿದ್ದರು. ಸ್ನಾನ ಮಾಡಿಸಲು ನೀರು ಕಾಯಬೇಕಿತ್ತು, ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪರ ಊರಿನಿಂದ ಬಂದ ನೆಂಟನೊಬ್ಬ ಅವಸರದಲ್ಲಿ ಬಕೆಟ್ಟಿಗೆ ನೀರು ಕಾಯಿಸುವ ರಾಡು ಇಳಿಬಿಟ್ಟಿದ್ದ. ರಾಡಿಗೆ ಪ್ಲಗ್ಗು ಇರಲಿಲ್ಲ. ಎರಡು ಬರಿ ತಂತಿಗಳನ್ನು ಗೋಡೆಯ ಸಾಕೆಟ್ಟಿಗೆ ತುರುಕಿ, ಜಾರದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿದ್ದ. ಸುತ್ತ ಒದ್ದೆ ನೆಲ, ಬರಿಗಾಲಿನ ಮಂದಿ. ಆ ಮನುಷ್ಯ ಜೀವಮಾನವಿಡೀ ಯಾವುದನ್ನು ಕಂಡರೆ ಮುಖ ತಿರುಗಿಸಿದರೋ, ಅದನ್ನೇ ಅವರ ಹೆಣದ ಮುಂದೆ, ಅವರದೇ ಗೋಡೆಗೆ ಮಾಡಿದ್ದರು.

"ಥೂ, ಹೇಸಿಗಿ!"

ಅಷ್ಟು ಜೋರಾಗಿ ನನ್ನ ಬಾಯಿಂದ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಅಳು ನಿಂತಿತು, ಎಲ್ಲರೂ ತಿರುಗಿ ನೋಡಿದರು. ನಾನು ಸ್ವಿಚ್ಚು ಆರಿಸಿ, ತಂತಿ ಕಿತ್ತು, ರಾಡನ್ನು ಮೂಲೆಗೆ ಎಸೆದೆ. "ಆ ನೀರು ಅವ್ರಿಗೆ ಹಾಕಬ್ಯಾಡ್ರಿ" ಎಂದೆ. ಅವರ ಹೆಂಡತಿ ತಲೆ ಎತ್ತಿ, "ಆಕಿ ಹೇಳಿದಂಗ ಮಾಡ್ರಿ" ಎಂದರು.

ಮನೆಗೆ ಬಂದು ನಮ್ಮ ಬಚ್ಚಲಿನ ನಲ್ಲಿ ತಿರುಗಿಸಿದೆ. ಆ ಚೆಂದವಿಲ್ಲದ ಬಿಳಿ ಡಬ್ಬ ಸಣ್ಣಗೆ ಗುಂಯ್ ಎಂದಿತು. ಎರಡು ಬಕೆಟ್ ತುಂಬಿಸಿ, ನಾನೊಂದು ನನ್ನ ಗಂಡ ಒಂದು ಹೊತ್ತು ಒಯ್ದೆವು. ಬಂದವರೆಲ್ಲ ಒಂದೊಂದು ಚೊಂಬು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಮೊದಲು ನೀರಿಗೆ ಕೈಯ ಹಿಂಬದಿ ಮುಟ್ಟಿಸಿ ನೋಡಿದೆ, ಹದವಾಗಿತ್ತು. ಕೂದಲಿಲ್ಲದ ಆ ಸುಟ್ಟ ಗೆಣ್ಣುಗಳ ಮೇಲೆ ಮೆಲ್ಲಗೆ ಹಾಕಿದೆ.

"ತಪ್ಪಾತ್ರಿ ಮಾವ" ಎಂದೆ.

ಈ ಸಲ ಅವರು ಸಲಿಕೆ ಕೇಳಲಿಲ್ಲ.